ಎಲ್ಲಾ ಕ್ಲಾಸಿಗೂ ಜ್ಯಾಂಗೋ ಮಾಡೆಲ್ ಬೇಡ

ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋನ ಹೊಸದಾಗಿ ಕಲೀತಿರೋರಿಗೆ ಒಂದು ಮಾತು. ಮಡಿಕೇರೀಲಿ ಕೂತು ನಮ್ ಕಡೆ ಬೆಳೆಗಾರರಿಗೆ ಕಾಫಿ ಲೆಕ್ಕದ ಆ್ಯಪ್ ಮಾಡ್ತಿದ್ದಾಗ ಎಲ್ಲಾ ಕ್ಲಾಸನ್ನೂ ಮಾಡೆಲ್ಸ್ ಡಾಟ್ ಮಾಡೆಲಿಂದಾನೇ (ಡೇಟಾಬೇಸಲ್ಲಿ ಟೇಬಲ್ ಮಾಡಿಕೊಡೋ ಜ್ಯಾಂಗೋ ಕ್ಲಾಸ್) ಇನ್ಹೆರಿಟ್ ಮಾಡಿಬಿಟ್ಟಿದ್ದೆ, ರೇಟ್ ಲೆಕ್ಕ ಹಾಕೋ ಕ್ಲಾಸೂ ಸೇರಿ. ಅದು ಮಾಡೋದಿಷ್ಟೇ, 50 ಕೇಜಿ ಚೀಲದ ರೋಬಸ್ಟಾ ಚೆರ್ರಿಗೆ (ಸಿಪ್ಪೆ ಸಮೇತ ಒಣಗಿಸಿದ ಕಾಫಿಗೆ) ಔಟ್‌ಟರ್ನ್, ಅಂದ್ರೆ ಸಿಪ್ಪೆ ತೆಗೆದ ಮೇಲೆ ಸಿಗೋ ಬೀಜದ ಕೇಜಿ, 28 ಬಂದ್ರೆ ಅದನ್ನ ಆವತ್ತಿನ ಪಾಯಿಂಟ್ ರೇಟಿಂದ (ಒಂದು ಔಟ್‌ಟರ್ನ್ ಪಾಯಿಂಟಿನ ಬೆಲೆ) ಗುಣಿಸೋದು. ಇದಕ್ಕೆ ಟೇಬಲ್ ಯಾಕೆ? ಸುಮ್ನೆ ಒಂದು ಮೈಗ್ರೇಶನ್ (ಟೇಬಲ್ ಬದಲಾವಣೆ ಬರೆದಿಡೋ ಫೈಲ್) ಜಾಸ್ತಿ ಆಯ್ತು, ಬರೀ ಗುಣಾಕಾರ ಟೆಸ್ಟ್ ಮಾಡೋಕೂ ಜ್ಯಾಂಗೋ ಸೆಟ್ಟಿಂಗ್ಸ್ ಎಲ್ಲಾ ಲೋಡ್ ಆಗ್ಬೇಕು, ಮಳೆಗಾಲದಲ್ಲಿ ಕರೆಂಟ್ ಇರೋ ಸ್ವಲ್ಪ ಹೊತ್ತಲ್ಲಿ ಕೆಲಸ ಮುಗಿಸೋ ನಮಗೆ ಇದು ನಿಜವಾಗ್ಲೂ ದಂಡ.

ಈಗ ಮೊದ್ಲು ಕೇಳ್ಕೊಳ್ಳೋದು, ಈ ಕ್ಲಾಸನ್ನ ಫ್ರೇಮ್‌ವರ್ಕ್ ಕರೆಯುತ್ತಾ ಇಲ್ಲಾ ನಾನು ಕರೀತೀನಾ ಅಂತ. ರಿಕ್ವೆಸ್ಟ್ ಬಂದಾಗ ವ್ಯೂನ (ರಿಕ್ವೆಸ್ಟಿಗೆ ಉತ್ತರ ಕೊಡೋ ಕ್ಲಾಸ್) ಗೆಟ್ ಮೆಥಡ್ ಜ್ಯಾಂಗೋನೇ ಕರೆಯುತ್ತೆ, ಚೀಲದ ದಾಖಲೆ ಡೇಟಾಬೇಸಲ್ಲಿ ಉಳೀಬೇಕು, ಅಲ್ಲೆಲ್ಲಾ ಇನ್ಹೆರಿಟ್ ಮಾಡಿ. ಲೆಕ್ಕದ್ದು ಸಾದಾ ಪೈಥಾನ್ ಕ್ಲಾಸಾಗಿರ್ಲಿ.

ಇನ್ನೊಂದು, ಎರಡ್ಮೂರು ಮಾಡೆಲಿಗೆ ಒಂದೇ ಫೀಲ್ಡುಗಳು ಬೇಕಿದ್ರೆ ನಿಮ್ದೇ ಬೇಸ್ ಕ್ಲಾಸ್ ಮಾಡ್ಕೊಳ್ಳಿ, ಆದ್ರೆ ಅದರೊಳಗಿನ ಮೆಟಾ ಕ್ಲಾಸಲ್ಲಿ ಆಬ್‌ಸ್ಟ್ರಾಕ್ಟ್ ಟ್ರೂ ಅಂತ ಹಾಕೋದು ಮರೀಬೇಡಿ, ಇಲ್ಲಾಂದ್ರೆ ಬೇಸಿಗೂ ಬೇರೆ ಟೇಬಲ್ ಆಗಿ ದಾಖಲೆ ತೆಗೆಯೋವಾಗೆಲ್ಲಾ ಎರಡು ಟೇಬಲ್ ಕೂಡಿಸೋ ಜಾಯಿನ್ ಬೀಳುತ್ತೆ.