ಬಣ್ಣಗಳು ಕೂಡದಿದ್ದಾಗ: ಕೈಯಂತ್ರದಲ್ಲಿ ಬಹುವರ್ಣ ಟೀ-ಶರ್ಟ್ ಮುದ್ರಣದ ದೋಷ ಪತ್ತೆ ಮತ್ತು ಪರಿಹಾರ

ಅಕ್ಟೋಬರ್ ತಿಂಗಳು ಬಂತೆಂದರೆ ಕರ್ನಾಟಕದ ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಘಟಕಗಳಲ್ಲಿ ನವೆಂಬರ್ 1ರ ರಾಜ್ಯೋತ್ಸವಕ್ಕಾಗಿ ಟೀ-ಶರ್ಟ್ ಕೆಲಸ ಹೆಚ್ಚುತ್ತದೆ. ಅದರಲ್ಲಿ ಕಪ್ಪು ಹತ್ತಿ ಬಟ್ಟೆಯ ಮೇಲೆ ಹಳದಿ ಮತ್ತು ಕೆಂಪು ಬಣ್ಣಗಳ ಚಿತ್ರ ಮುದ್ರಿಸುವ ಕೆಲಸವೇ ಕೈಯಂತ್ರದವರನ್ನು ಹೆಚ್ಚು ಪರೀಕ್ಷಿಸುವಂಥದ್ದು. ನೋಡುವವರಿಗೆ ಮುಖ್ಯವಾಗಿ ಎರಡೇ ಬಣ್ಣವಾದರೂ ಮುದ್ರಿಸುವವರಿಗೆ, ಚೌಕಟ್ಟಿಗೆ ಜಾಲರಿ ಬಿಗಿದು ಚಿತ್ರದ ಜಾಗವನ್ನಷ್ಟೇ ತೆರೆದಿಟ್ಟ ನಾಲ್ಕು ಸ್ಕ್ರೀನ್‌ಗಳು ಬೇಕಾಗುತ್ತವೆ: ಅಡಿಪದರದ ಬಿಳಿ, ಅದರ ಮೇಲೆ ಹಳದಿ, ಕೆಂಪು, ಕೊನೆಯಲ್ಲಿ ಅಕ್ಷರಗಳಿಗೆ ಮತ್ತು ಮಿನುಗಿಗೆ ಇನ್ನೊಂದು ಬಿಳಿ. ನಾಲ್ಕು ಬಣ್ಣ, ಅಂಗಿ ಹಾಸುವ ನಾಲ್ಕು ಹಲಗೆಗಳ ಸಾಮಾನ್ಯ ಕೈಯಂತ್ರ ಮತ್ತು ಪ್ಲಾಸ್ಟಿಸಾಲ್ ಇಂಕ್ (ಬಿಸಿ ಕೊಟ್ಟರಷ್ಟೇ ಗಟ್ಟಿಯಾಗುವ ಪ್ಲಾಸ್ಟಿಕ್ ಇಂಕ್) ಇಟ್ಟುಕೊಂಡು ಈ ಕೆಲಸ ಮಾಡುವಾಗ ಎದುರಾಗುವ ದೋಷಗಳನ್ನು ಹೇಗೆ ಪತ್ತೆ ಹಚ್ಚಬೇಕು, ಹೇಗೆ ಸರಿಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಣ್ಣ ಜರುಗಿದ್ದು ಕಂಡ ಕೂಡಲೇ ನಮ್ಮಲ್ಲಿ ಬಹುತೇಕರ ಕೈ ನೇರವಾಗಿ ರಿಜಿಸ್ಟ್ರೇಷನ್ ತಿರುಪಿಗೆ, ಅಂದರೆ ಬಣ್ಣಗಳನ್ನು ಒಂದಕ್ಕೊಂದು ಕೂಡಿಸುವ ತಿರುಪಿಗೆ, ಹೋಗುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ. ಜರುಗುವಿಕೆಗೆ ಕಾರಣ ಫಿಲ್ಮ್ (ಸ್ಕ್ರೀನಿಗೆ ಚಿತ್ರ ಇಳಿಸಲು ಬಳಸುವ ಪಾರದರ್ಶಕ ಹಾಳೆ), ಮೆಷ್ (ಸ್ಕ್ರೀನಿನ ಜಾಲರಿ), ಹಲಗೆಯ ಗಮ್ (ಅಂಗಿಯನ್ನು ಹಿಡಿದಿಡುವ ಅಂಟು), ಬಿಸಿ ಇವುಗಳಲ್ಲಿ ಯಾವುದೂ ಇರಬಹುದು. ತಿರುಪು ತಿರುಗಿಸಿದರೆ ಒಂದು ಅಂಗಿಯ ಮಟ್ಟಿಗೆ ತಪ್ಪು ಮುಚ್ಚಿಹೋಗಿ, ಮುಂದಿನ ಅಂಗಿಯಲ್ಲಿ ಇನ್ನೊಂದು ದಿಕ್ಕಿಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಯಾವುದನ್ನೂ ಮುಟ್ಟುವ ಮೊದಲು ಹಳೆಯ ಬಟ್ಟೆಯ ಮೇಲೆ ಒಂದೇ ರೀತಿಯಲ್ಲಿ ಮೂರು ಮುದ್ರಣ ತೆಗೆದು ಪಕ್ಕಪಕ್ಕದಲ್ಲಿ ಹಾಸಿ ನೋಡಿ. ಮೂರರಲ್ಲೂ ಬಣ್ಣ ಒಂದೇ ದಿಕ್ಕಿಗೆ, ಒಂದೇ ಅಳತೆಯಷ್ಟು ಜರುಗಿದ್ದರೆ ತಪ್ಪು ಜೋಡಣೆಯಲ್ಲಿದೆ ಅಥವಾ ಫಿಲ್ಮ್‌ನಲ್ಲಿದೆ. ಒಂದೊಂದರಲ್ಲಿ ಒಂದೊಂದು ಕಡೆಗೆ ಜರುಗಿದ್ದರೆ ಎಲ್ಲೋ ಏನೋ ಸಡಿಲವಾಗಿದೆ. ಮೊದಮೊದಲು ಸರಿಯಿದ್ದು ಕೆಲಸ ಮುಂದುವರಿದಂತೆ ಹೆಚ್ಚುತ್ತ ಹೋದರೆ ಬಿಸಿಯನ್ನೋ ಗಮ್ಮನ್ನೋ ಸಂಶಯಿಸಬೇಕು.

ಒಂದೇ ದಿಕ್ಕಿನ ಜರುಗುವಿಕೆ

ನಾಲ್ಕೂ ಫಿಲ್ಮ್‌ಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಅಥವಾ ಲೈಟ್ ಟೇಬಲ್ ಮೇಲೆ ಹಿಡಿದು, ರಿಜಿಸ್ಟ್ರೇಷನ್ ಗುರುತುಗಳು ಮೇಲೆ, ಕೆಳಗೆ, ಎರಡೂ ಬದಿಯಲ್ಲಿ ಕೂಡುತ್ತವೆಯೇ ಎಂದು ನೋಡಿ. ಲೇಸರ್ ಪ್ರಿಂಟರ್‌ನಲ್ಲಿ ತೆಗೆದ ಫಿಲ್ಮ್ ಬಿಸಿಗೆ ಸ್ವಲ್ಪ ಕುಗ್ಗುತ್ತದೆ, ಮತ್ತು ನಾಲ್ಕೂ ಒಂದೇ ಸಮನಾಗಿ ಕುಗ್ಗುತ್ತವೆಂಬ ಭರವಸೆಯಿಲ್ಲ. ಖಾಲಿ ಫಿಲ್ಮ್ ಹಾಳೆಯನ್ನು ಮೊದಲೊಮ್ಮೆ ಪ್ರಿಂಟರ್ ಮೂಲಕ ಹಾಯಿಸಿ, ಆಮೇಲೆ ಚಿತ್ರ ಮುದ್ರಿಸಿದರೆ ಈ ವ್ಯತ್ಯಾಸ ಬಹಳಷ್ಟು ತಗ್ಗುತ್ತದೆ. ನಾಲ್ಕು ಬಣ್ಣಗಳ ಫಿಲ್ಮ್‌ಗಳನ್ನೂ ಒಂದೇ ದಿನ, ಒಂದೇ ಪ್ರಿಂಟರ್‌ನಲ್ಲಿ, ಹಾಳೆಯ ಒಂದೇ ದಿಕ್ಕಿನಲ್ಲಿ ತೆಗೆಯಬೇಕು. ಇಂಕ್‌ಜೆಟ್ ಫಿಲ್ಮ್‌ಗೆ ಈ ತೊಂದರೆ ಇಲ್ಲವಾದ್ದರಿಂದ ಬಣ್ಣಗಳು ಒಂದಕ್ಕೊಂದು ತಾಗಿ ನಿಲ್ಲುವ ಕೆಲಸಕ್ಕೆ ಅದೇ ಮೇಲು.

ಫಿಲ್ಮ್‌ಗಳು ಸರಿಯಾಗಿ ಕೂಡುತ್ತಿದ್ದರೂ ಮುದ್ರಣದಲ್ಲಿ ಮೇಲಿನ ಗುರುತು ಕೂಡಿ ಕೆಳಗಿನ ಗುರುತು ಜರುಗಿದ್ದರೆ ಅದು ಹಿಗ್ಗಿದ ಮೆಷ್‌ನ ಲಕ್ಷಣ. ಯಾವ ತಿರುಪಿನಿಂದಲೂ ಅದು ಸರಿಹೋಗುವುದಿಲ್ಲ. ಚಿತ್ರ ಓರೆಯಾಗಿ ತಿರುಗಿದಂತೆ ಕಂಡರೆ ಫ್ರೇಮನ್ನು ಹಿಡಿದಿರುವ ಕ್ಲ್ಯಾಂಪ್ ಬಿಚ್ಚಿ ಮತ್ತೆ ಕೂರಿಸಬೇಕು. ಇಡೀ ಚಿತ್ರ ಎಲ್ಲ ಕಡೆಯೂ ಸಮನಾಗಿ ಪಕ್ಕಕ್ಕೆ ಸರಿದಿದ್ದರೆ ಮಾತ್ರ ತಿರುಪಿಗೆ ಕೈ ಹಾಕಿ.

ಪ್ರತಿ ಅಂಗಿಯಲ್ಲೂ ಬೇರೆಬೇರೆ ಜರುಗುವಿಕೆ

ಇದು ಹೆಚ್ಚು ಕಾಡುವ ದೋಷ. ಇದನ್ನು ಪತ್ತೆ ಮಾಡಲು ಒಂದು ಸರಳ ಪರೀಕ್ಷೆ ಇದೆ. ಒಂದೇ ಸ್ಕ್ರೀನಿನಿಂದ ಹಲಗೆಯ ಮೇಲೆ ಗಟ್ಟಿಯಾಗಿ ಅಂಟಿಸಿದ ಬಟ್ಟೆಗೆ ಒಮ್ಮೆ ಮುದ್ರಿಸಿ, ಸ್ಕ್ರೀನನ್ನು ಪೂರ್ತಿ ಮೇಲೆತ್ತಿ, ಮತ್ತೆ ಇಳಿಸಿ ಅದರ ಮೇಲೆಯೇ ಇನ್ನೊಮ್ಮೆ ಮುದ್ರಿಸಿ. ಗೆರೆಗಳು ಚೂಪಾಗಿಯೇ ಉಳಿದರೆ ಸ್ಕ್ರೀನನ್ನು ಹಿಡಿದಿರುವ ಆ ತೋಳು ಬಿಗಿಯಾಗಿದೆ. ಗೆರೆ ಎರಡಾಗಿ ಕಂಡರೆ, ಅಥವಾ ಸಣ್ಣ ಅಕ್ಷರಗಳು ದಪ್ಪಗಾದರೆ, ಆ ತೋಳಿನ ಕೀಲು, ಕ್ಲ್ಯಾಂಪ್ ಅಥವಾ ತೋಳು ಬಂದು ಕೂರುವ ಗೇಟ್ ಸಡಿಲವಾಗಿದೆ ಎಂದರ್ಥ. ನಾಲ್ಕೂ ತೋಳುಗಳಿಗೆ ಇದನ್ನು ಮಾಡಿ. ಹತ್ತು ನಿಮಿಷದ ಈ ಕೆಲಸ ಅಂಗಿಗಳ ರಾಶಿಯನ್ನೇ ಉಳಿಸುತ್ತದೆ.

ತೋಳುಗಳು ಸರಿಯಿದ್ದರೆ ಹಲಗೆಗಳ ಸರದಿ. ಮೊದಲು ಒಂದೇ ಹಲಗೆಯಲ್ಲಿ ನಾಲ್ಕೂ ಬಣ್ಣ ಹಾಕಿ ನೋಡಿ. ನಂತರ ಪ್ರತಿ ಹಲಗೆಯಲ್ಲೂ ಹಾಗೆಯೇ ಮಾಡಿ, ಬಟ್ಟೆಯ ಮೂಲೆಯಲ್ಲಿ ಹಲಗೆಯ ಸಂಖ್ಯೆ ಬರೆಯಿರಿ. ದೋಷ ಯಾವಾಗಲೂ 3ನೇ ಹಲಗೆಯ ಅಂಗಿಯಲ್ಲೇ ಬರುತ್ತಿದ್ದರೆ ಆ ಹಲಗೆಯ ನಟ್ಟು ಸಡಿಲವಾಗಿರಬಹುದು ಅಥವಾ ಹಲಗೆಯ ಮಟ್ಟ ತಪ್ಪಿರಬಹುದು. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಹಲಗೆ ಅಲುಗಬಾರದು.

ಮರದ ಫ್ರೇಮ್ ಬಳಸುವವರು, ಅದರಲ್ಲೂ ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಮಳೆಗಾಲದಲ್ಲಿ ಕೆಲಸ ಮಾಡುವವರು, ಫ್ರೇಮನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕೂ ಮೂಲೆ ತಾಗುತ್ತವೆಯೇ ಎಂದು ನೋಡಬೇಕು. ನೀರು ಕುಡಿದು ಒಣಗಿ ಸೊಟ್ಟಗಾದ ಮರ ಕ್ಲ್ಯಾಂಪಿನಲ್ಲಿ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಬಹುವರ್ಣದ ಕೆಲಸಕ್ಕೆ ಅಲ್ಯೂಮಿನಿಯಂ ಫ್ರೇಮ್‌ಗೆ ಹಾಕುವ ಹಣ ವ್ಯರ್ಥವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಮೆಷ್‌ನ ಬಿಗಿತ. ಅಳೆಯುವ ಮೀಟರ್ ಇದ್ದರೆ ಪ್ರತಿ ಸೆಂಟಿಮೀಟರ್‌ಗೆ 20 ನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚು ಬಿಗಿತ ಇರುವಂತೆ ನೋಡಿಕೊಳ್ಳಿ, ಮತ್ತು ನಾಲ್ಕೂ ಸ್ಕ್ರೀನ್‌ಗಳ ಬಿಗಿತ ಆದಷ್ಟು ಹತ್ತಿರ ಇರಲಿ. ಸಡಿಲವಾದ ಮೆಷ್ ಸ್ಕ್ವೀಜಿಯ (ಇಂಕ್ ಎಳೆಯುವ ರಬ್ಬರ್ ಅಲಗಿನ) ಜೊತೆಗೇ ಸರಿಯುತ್ತದೆ, ಆಗ ಚಿತ್ರ ಎಳೆದ ದಿಕ್ಕಿಗೆ ಉದ್ದವಾಗುತ್ತದೆ. ಅಂಥ ಮೆಷ್ ಬಟ್ಟೆಯಿಂದ ಬೇಗ ಬಿಡಿಸಿಕೊಳ್ಳುವುದಿಲ್ಲವೆಂದು ಸ್ಕ್ರೀನ್ ಮತ್ತು ಬಟ್ಟೆಯ ನಡುವಿನ ಅಂತರ ಹೆಚ್ಚಿಸುತ್ತೇವೆ; ಅಂತರ ಹೆಚ್ಚಾದಷ್ಟೂ ಮೆಷ್ ಇನ್ನಷ್ಟು ಹಿಗ್ಗಿ ಚಿತ್ರ ಇನ್ನಷ್ಟು ಜರುಗುತ್ತದೆ. ಟೀ-ಶರ್ಟಿಗೆ ಈ ಅಂತರ 1.5ರಿಂದ 3 ಮಿಲಿಮೀಟರ್ ಸಾಕು, ಮತ್ತು ಎಲ್ಲ ಸ್ಕ್ರೀನ್‌ಗಳಿಗೂ ಒಂದೇ ಇರಬೇಕು. ಹಾಗೆಯೇ ಒಬ್ಬರು ಸ್ಕ್ವೀಜಿಯನ್ನು ತಮ್ಮ ಕಡೆಗೆ ಎಳೆದು, ಪಕ್ಕದವರು ಮುಂದಕ್ಕೆ ದೂಡಿ ಮುದ್ರಿಸಿದರೆ ಎರಡು ಬಣ್ಣಗಳು ವಿರುದ್ಧ ದಿಕ್ಕಿಗೆ ಜರುಗುತ್ತವೆ. ಎಲ್ಲ ಬಣ್ಣಗಳಿಗೂ ಒಂದೇ ದಿಕ್ಕು, ಒಂದೇ ಓರೆ, ಸಾಧ್ಯವಾದರೆ ಒಂದೇ ಕೈ ಇರಲಿ.

ಹಲಗೆಯ ಗಮ್ ಸತ್ತಿದೆಯೇ ಎಂದು ತಿಳಿಯುವುದು ಸುಲಭ. ಬಿಳಿ ಅಡಿಪದರ ಎಳೆದ ಮೇಲೆ ಸ್ಕ್ರೀನನ್ನು ನಿಧಾನವಾಗಿ ಎತ್ತುತ್ತ, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ನೋಡಿ. ಅಂಗಿಯ ನಡುಭಾಗ ಸ್ಕ್ರೀನಿಗೆ ಅಂಟಿಕೊಂಡು ಒಂದು ಕ್ಷಣ ಮೇಲೆದ್ದು, ಮೆಲ್ಲಗೆ ಬಿಟ್ಟು ಕೆಳಗೆ ಬಿದ್ದರೆ, ಅದು ಬಿದ್ದದ್ದು ಮೊದಲಿದ್ದ ಜಾಗಕ್ಕಲ್ಲ. ಅಂಗಿಗಳ ನವಿರು ನೂಲು ಮೆತ್ತಿಕೊಂಡು ಗಮ್ಮಿನ ಮೇಲೆ ಬೂದು ಪದರ ಕಾಣುತ್ತಿದ್ದರೆ, ಒದ್ದೆ ಬಟ್ಟೆಯಿಂದ ಒರೆಸಿ, ನೀರಿನಲ್ಲಿ ಕರಗುವ ಟೇಬಲ್ ಗಮ್ ಅನ್ನು ತೆಳ್ಳಗೆ ಮತ್ತೆ ಹಚ್ಚಿ. ದಪ್ಪಗೆ ಹಚ್ಚಿದರೆ ಅಂಗಿ ಬಿಡಿಸುವಾಗ ಎಳೆದಾಡಿ, ಬಿಸಿಯಿರುವ ಮುದ್ರಣವೇ ಸೊಟ್ಟಗಾಗುತ್ತದೆ.

ಬಿಸಿ ತರುವ ತೊಂದರೆಗಳು

ಯಂತ್ರ, ಸ್ಕ್ರೀನ್, ಗಮ್ ಎಲ್ಲವೂ ಸರಿಯಿದ್ದು ಅಡಿಪದರವೂ ಚೆನ್ನಾಗಿ ಕೂತ ಮೇಲೆ ಹಳದಿ ಮಾತ್ರ ಸುತ್ತಲೂ ಕೂದಲೆಳೆಯಷ್ಟು ಹೊರಗೆ ಚಾಚಿಕೊಂಡರೆ, ಅದು ಬಟ್ಟೆ ಕುಗ್ಗಿದ್ದರ ಫಲ. ಹತ್ತಿ ಬಟ್ಟೆಯಲ್ಲಿ ಸದಾ ಸ್ವಲ್ಪ ತೇವಾಂಶವಿರುತ್ತದೆ. ಒಂದು ಬಣ್ಣ ಹಾಕಿದ ಮೇಲೆ ಅದನ್ನು ಅರೆಗಟ್ಟಿ ಮಾಡುವ ಫ್ಲ್ಯಾಶ್ ಹೀಟರಿನ ಕೆಳಗೆ ಆ ತೇವ ಹೊರಟುಹೋಗಿ ಬಟ್ಟೆ ಕುಗ್ಗುತ್ತದೆ, ಅದರೊಂದಿಗೆ ಬಿಳಿ ಚಿತ್ರವೂ ಕಿರಿದಾಗುತ್ತದೆ, ಆದರೆ ಹಳದಿ ಸ್ಕ್ರೀನಿನ ಚಿತ್ರ ಮೊದಲಿನ ಅಳತೆಯಲ್ಲೇ ಇರುತ್ತದೆ. ಮಳೆಗಾಲದಲ್ಲಿ ಇದು ಹೆಚ್ಚು. ಅಂಗಿಯನ್ನು ಹಲಗೆಗೆ ಹಾಕಿದ ಕೂಡಲೇ, ಯಾವ ಬಣ್ಣವನ್ನೂ ಹಾಕುವ ಮೊದಲು, ಕೆಲವು ಸೆಕೆಂಡು ಫ್ಲ್ಯಾಶ್ ಕೆಳಗೆ ಹಿಡಿದು ಮೊದಲೇ ಕುಗ್ಗಿಸಿಬಿಡುವುದು ಇದಕ್ಕೆ ಪರಿಹಾರ. ಒಂದು ಅಂಗಿಗೆ ಒಂದಿಷ್ಟು ಸಮಯ ಹೆಚ್ಚು ಹಿಡಿಯುತ್ತದೆ. ಆದರೂ ನಾಲ್ಕು ಬಣ್ಣದ ಕೆಲಸದಲ್ಲಿ ಇದನ್ನು ಬಿಡಬೇಡಿ.

ಹಂಚು ಕಾಯುವ ಮುನ್ನ ಹುಯ್ದ ಮೊದಲ ದೋಸೆಯಂತೆ, ಹಲಗೆ ತಣ್ಣಗಿರುವಾಗ ಮುದ್ರಿಸಿದ ಮೊದಲ ಅಂಗಿಗಳು ಉಳಿದವುಗಳಂತೆ ಬರುವುದಿಲ್ಲ. ತಣ್ಣಗಿನ ಹಲಗೆ ಬಿಸಿಯನ್ನು ಹೀರಿಕೊಳ್ಳುವುದರಿಂದ ಬಿಳಿ ಪದರ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು. ಒಂದು ಗಂಟೆ ಕೆಲಸವಾದ ಮೇಲೆ ಅದೇ ಹೊತ್ತು ಹಿಡಿದರೆ ಪದರ ಅತಿಯಾಗಿ ಕಾಯುತ್ತದೆ. ಆದ್ದರಿಂದ ಕೆಲಸ ಶುರು ಮಾಡುವ ಮುನ್ನ ಖಾಲಿ ಹಲಗೆಗಳನ್ನು ಬಿಸಿ ಮಾಡಿಕೊಂಡು, ಕೆಲಸ ಸಾಗಿದಂತೆ ಫ್ಲ್ಯಾಶ್ ಸಮಯವನ್ನು ಇಳಿಸುತ್ತ ಬರಬೇಕು. ಬೆರಳಿನಿಂದ ಮೃದುವಾಗಿ ಮುಟ್ಟಿದಾಗ ಬಿಳಿ ಕೈಗೆ ಅಂಟಬಾರದು, ಅಷ್ಟಾದರೆ ಸಾಕು. ಅಲ್ಲಿ ಅದು ಪೂರ್ತಿ ಬೇಯಬೇಕಾಗಿಲ್ಲ. ಫ್ಲ್ಯಾಶ್‌ನಿಂದ ಹೊರಬಂದ ಕೂಡಲೇ ಮೇಲ್ಮೈ ಬಿಸಿಯಿಂದ ಜಿಗುಟಾಗಿರುತ್ತದೆ. ಒಂದೆರಡು ಕ್ಷಣ ಆರಲು ಬಿಡದೆ ಹಳದಿ ಸ್ಕ್ರೀನ್ ಇಳಿಸಿದರೆ ಸ್ಕ್ರೀನಿನ ಹಿಂಬದಿ ಅದಕ್ಕೆ ಅಂಟಿಕೊಳ್ಳುತ್ತದೆ. ಅತಿ ಬಿಸಿಯಾದ ಹಲಗೆಯ ಮೇಲೆ ಮೆಷ್‌ನ ಕಣ್ಣುಗಳಲ್ಲೇ ಇಂಕ್ ಗಟ್ಟಿಯಾಗಿ ಸಣ್ಣ ಗೆರೆಗಳು ಮುಚ್ಚಿಹೋಗುವುದೂ ಉಂಟು.

ಬಣ್ಣ ಮಂಕಾಗುವುದು, ಅಂಚಿನಲ್ಲಿ ಬಿಳಿ ಇಣುಕುವುದು

ಕಪ್ಪು ಅಂಗಿಯ ಮೇಲಿನ ಹಳದಿ ಹಸಿರಿಗೆ ತಿರುಗಿದಂತೆ ಕಂಡರೆ ಹಳದಿ ಇಂಕನ್ನು ದೂರಬೇಡಿ. ಅಡಿಪದರದ ಬಿಳಿ ತೆಳುವಾಗಿ, ಬಟ್ಟೆಯ ಕಪ್ಪು ಅದರೊಳಗಿಂದ ಕಾಣುತ್ತಿದೆ. ಹಳದಿಯನ್ನು ಎರಡು ಮೂರು ಸಲ ಎಳೆದರೆ ಚಿತ್ರ ದಪ್ಪಗಾಗುತ್ತದೆಯೇ ಹೊರತು ಬಣ್ಣ ಏಳುವುದಿಲ್ಲ. ಅಡಿಪದರಕ್ಕೆ 43ಟಿ ಅಥವಾ 61ಟಿ ಮೆಷ್ ಮತ್ತು ಮೇಲಿನ ಬಣ್ಣಗಳಿಗೆ 77ಟಿ ಅಥವಾ 90ಟಿ ಮೆಷ್ ಬಳಸಿ (ಈ ಸಂಖ್ಯೆ ಒಂದು ಸೆಂಟಿಮೀಟರಿನಲ್ಲಿರುವ ಎಳೆಗಳದ್ದು). ಬೇಕಾದರೆ ಬಿಳಿಯನ್ನು ಒಮ್ಮೆ ಎಳೆದು, ಫ್ಲ್ಯಾಶ್ ಮಾಡಿ, ಮತ್ತೊಮ್ಮೆ ಎಳೆಯಿರಿ.

ಬಿಳಿ ಮೇಲೇಳದಿರಲು ಮುಖ್ಯ ಕಾರಣ ಅತಿಯಾದ ಒತ್ತಡ. ಭುಜದ ಬಲವನ್ನೆಲ್ಲ ಹಾಕಿ ಎಳೆದಾಗ ಇಂಕ್ ನೂಲಿನ ಒಳಕ್ಕೆ ಇಳಿದುಹೋಗುತ್ತದೆ. ಮೇಲೆ ಉಳಿಯುವುದು ಒರಟು ಮೇಲ್ಮೈ ಮತ್ತು ಅದರಿಂದ ಎದ್ದು ನಿಂತ ನೂಲಿನ ಎಳೆಗಳು. ಸ್ಕ್ವೀಜಿಯ ಅಂಚು ಚೂಪಾಗಿರಲಿ, ಗಡಸುತನ 70 ಶೋರ್ ಆಸುಪಾಸಿನಲ್ಲಿರಲಿ, ಮೊದಲು ಇಂಕನ್ನು ಮೆಷ್ ತುಂಬುವಂತೆ ಹರಡಿ, ನಂತರ ಇಂಕ್ ಬಟ್ಟೆಯ ಮೇಲೆ ಕೂರುವಷ್ಟೇ ಒತ್ತಡದಿಂದ ಎಳೆಯಿರಿ. ತಣ್ಣಗಾಗಿ ಗಟ್ಟಿಯಾದ ಬಿಳಿ ಇಂಕನ್ನು ಡಬ್ಬದಲ್ಲೇ ಚೆನ್ನಾಗಿ ಕಲಕಿದರೆ ಅದು ಸಡಿಲಗೊಳ್ಳುತ್ತದೆ. ತೆಳುವಾಗಿಸುವ ದ್ರವ ಬೆರೆಸಲು ಆತುರ ಬೇಡ, ಹೆಚ್ಚಾದರೆ ಬಿಳಿಯ ಮುಚ್ಚುವ ಗುಣವೇ ಹೋಗುತ್ತದೆ.

ರಿಜಿಸ್ಟ್ರೇಷನ್ ಸರಿಯಿದ್ದರೂ ಹಳದಿಯ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತಿದ್ದರೆ ತಪ್ಪು ಕಂಪ್ಯೂಟರಿನಲ್ಲಿದೆ. ಅಡಿಪದರದ ಚಿತ್ರವನ್ನು ಮೇಲಿನ ಬಣ್ಣಕ್ಕಿಂತ ಸುತ್ತಲೂ 0.3ರಿಂದ 0.5 ಮಿಲಿಮೀಟರ್ ಒಳಕ್ಕೆ ತರಬೇಕು. ಕೈಯಂತ್ರ ಹಳೆಯದಾಗಿದ್ದರೆ 0.5ರ ಕಡೆಗೇ ಇರಲಿ. ಇದಕ್ಕಿಂತ ಹೆಚ್ಚು ಒಳಕ್ಕೆ ತಂದರೆ ಅಂಚಿನ ಹಳದಿ ನೇರವಾಗಿ ಕಪ್ಪಿನ ಮೇಲೆ ಬಿದ್ದು ಮಂಕು ಗೆರೆಯಾಗಿ ಕಾಣುತ್ತದೆ.

ಬಿಳಿ ಅಂಗಿಗೆ ಅಡಿಪದರ ಬೇಡವಾದ್ದರಿಂದ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಹಾಕಿ ಮುಗಿಸುವುದುಂಟು. ಆಗ ಮೊದಲ ಬಣ್ಣ ನಂತರದ ಸ್ಕ್ರೀನ್‌ಗಳ ಹಿಂಬದಿಗೆ ಮೆತ್ತಿ ಮುಂದಿನ ಅಂಗಿಯನ್ನು ಕೊಳೆ ಮಾಡುತ್ತದೆ. ಕಡಿಮೆ ಜಾಗದ ಬಣ್ಣ ಮತ್ತು ತಿಳಿ ಬಣ್ಣ ಮೊದಲು, ಹೆಚ್ಚು ಜಾಗದ್ದು ಮತ್ತು ಕಪ್ಪು ಕೊನೆಗೆ ಎಂಬ ಸರದಿ ಇಟ್ಟುಕೊಂಡು ಸೂಕ್ಷ್ಮ ಮೆಷ್ ಬಳಸಿದರೆ ಇದು ಹತೋಟಿಗೆ ಬರುತ್ತದೆ.

ತೊಳೆದ ಮೇಲೆ ಕಾಣುವ ದೋಷಗಳು

ಸಾಮಾನ್ಯ ಪ್ಲಾಸ್ಟಿಸಾಲ್ ಪೂರ್ತಿ ಬೇಯಲು ಇಂಕಿನ ಇಡೀ ದಪ್ಪ ಸುಮಾರು 160 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಬಿಸಿ ಅಳೆಯುವ ಗನ್ ತೋರಿಸುವುದು ಮೇಲ್ಮೈಯ ಬಿಸಿಯನ್ನು ಮಾತ್ರ. ನಾಲ್ಕು ಪದರಗಳ ಮುದ್ರಣದ ತಳ ಅಷ್ಟು ಬೇಗ ಕಾಯುವುದಿಲ್ಲ. ಆರಿದ ಮುದ್ರಣವನ್ನು ಎರಡೂ ಕೈಯಿಂದ ಹಿಗ್ಗಿಸಿ ನೋಡಿ. ಬಿಳಿಯ ಸಮೇತ ಎಲ್ಲ ಪದರಗಳೂ ಬಿರುಕು ಬಿಟ್ಟರೆ ಕೊನೆಯ ಬಿಸಿ ಸಾಲದು. ಬಿಳಿ ಗಟ್ಟಿಯಾಗಿ ಉಳಿದು ಅದರ ಮೇಲಿನ ಹಳದಿ ಮಾತ್ರ ಸಿಪ್ಪೆಯಂತೆ ಏಳುತ್ತಿದ್ದರೆ ಅಡಿಪದರವನ್ನು ಫ್ಲ್ಯಾಶ್‌ನಲ್ಲಿ ಅತಿಯಾಗಿ ಕಾಯಿಸಲಾಗಿದೆ, ಅದಕ್ಕೇ ಹಳದಿ ಹಿಡಿದುಕೊಂಡಿಲ್ಲ. ಎರಡೂ ನೋಡಲು ಒಂದೇ ಬಗೆಯ ಸೋಲಿನಂತೆ ಕಂಡರೂ ಪರಿಹಾರ ತದ್ವಿರುದ್ಧ: ಮೊದಲನೆಯದಕ್ಕೆ ಕೊನೆಯ ಕ್ಯೂರಿಂಗ್‌ನ (ಬೇಯಿಸುವಿಕೆಯ) ಬಿಸಿ ಅಥವಾ ಸಮಯ ಹೆಚ್ಚಿಸಬೇಕು, ಎರಡನೆಯದಕ್ಕೆ ಫ್ಲ್ಯಾಶ್ ಸಮಯ ಇಳಿಸಬೇಕು. ಮಾದರಿ ಅಂಗಿಯೊಂದನ್ನು ಕೆಲವು ಸಲ ತೊಳೆದು ನೋಡದೆ ಗ್ರಾಹಕರಿಗೆ ಒಪ್ಪಿಸುವುದು ಸರಿಯಲ್ಲ.

ಕೆಂಪು ಪಾಲಿಯೆಸ್ಟರ್ ಜೆರ್ಸಿಯ ಮೇಲೆ ಬಿಳಿ ಅಥವಾ ಹಳದಿ ಮುದ್ರಿಸುವ ಬೇಡಿಕೆ ಬಂದರೆ ಲೆಕ್ಕ ಬೇರೆ. ಬಿಸಿ ತಗಲಿದಾಗ ಪಾಲಿಯೆಸ್ಟರಿನ ಬಣ್ಣ ಆವಿಯಾಗಿ ಇಂಕಿನೊಳಕ್ಕೆ ಏರಿ, ಬಿಳಿಯನ್ನು ಗುಲಾಬಿಯಾಗಿಸುತ್ತದೆ. ಇದಕ್ಕೆ ಬಣ್ಣ ಏರುವುದನ್ನು ತಡೆಯುವ, ಪಾಲಿಯೆಸ್ಟರಿಗೆಂದೇ ಮಾಡಿದ ಬಿಳಿ ಮತ್ತು ಕಡಿಮೆ ಬಿಸಿಯಲ್ಲಿ ಬೇಯುವ ಇಂಕ್ ಬೇಕು. ಅಂಗಿಗಳನ್ನು ಬಿಸಿಯಿರುವಾಗಲೇ ರಾಶಿ ಹಾಕಬಾರದು. ಬಣ್ಣ ಏರುವುದು ಕೆಲವೊಮ್ಮೆ ಮುದ್ರಣವಾಗಿ ಗಂಟೆಗಳು ಅಥವಾ ದಿನಗಳು ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದ, ಒಂದು ಜೆರ್ಸಿಯನ್ನು ಮುದ್ರಿಸಿ ಒಂದೆರಡು ದಿನ ಇಟ್ಟು, ಬಿಳಿ ಬಿಳಿಯಾಗಿಯೇ ಉಳಿದಿದೆ ಎಂದು ಖಚಿತವಾದ ಮೇಲೆ ಉಳಿದವುಗಳನ್ನು ಹಲಗೆಗೆ ಏರಿಸಿ.