ಕೊನೆಗೂ ಸಿಕ್ಕಿಬಿದ್ದ ರ‍್ಯಾಮ್

ಎಂಟು ವರ್ಷದ ಡೆಸ್ಕ್‌ಟಾಪ್ ಆಮೆಯಂತೆ ತೆವಳುತ್ತಿತ್ತು. ಬ್ರೌಸರ್ ತೆರೆದರೆ ಸಾಕು, ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅದರ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಅನ್ನು ಎರಡು ಸಲ ಹೊಸದಾಗಿ ಹಾಕಿದ್ದು ಬರೀ ದಂಡ. ಉಷ್ಣಾಂಶ ನೋಡಿದರೆ ಪ್ರೊಸೆಸರ್ 96 ಡಿಗ್ರಿ! ಅಷ್ಟು ಕಾದರೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಪ್ರೊಸೆಸರ್‌ನ ಶಾಖ ಹೀರುವ ಲೋಹದ ಹೀಟ್‌ಸಿಂಕ್ ಬಿಚ್ಚಿದೆ: ರೆಕ್ಕೆಗಳ ನಡುವೆ ಕಂಬಳಿಯಂಥ ಧೂಳು, ಅವೆರಡರ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಕೊಡವಿ, ಹೊಸ ಪೇಸ್ಟ್ ಹಚ್ಚಿದ ಮೇಲೆ 62ಕ್ಕೆ ಇಳಿಯಿತು.

ಆದರೂ ಯಂತ್ರ ನಡುನಡುವೆ ನಿಂತುಬಿಡುವುದು ತಪ್ಪಲಿಲ್ಲ. ರಾತ್ರಿಯಿಡೀ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿ) ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಓಡಿಸಿದೆ. ಬೆಳಗ್ಗೆ ಪರದೆಯ ತುಂಬ ದೋಷ ತೋರಿಸುವ ಕೆಂಪು ಸಾಲುಗಳು. ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಎರಡನೆಯದೇ ಕಳ್ಳ ಎಂದು ತಿಳಿಯಿತು. ಅದರ ಚಿನ್ನದ ಬಣ್ಣದ ಅಂಚನ್ನು ಮಗಳ ರಬ್ಬರಿನಿಂದ ಉಜ್ಜಿದರೂ ಜಗ್ಗಲಿಲ್ಲ. ತೆಗೆದು ಬದಿಗಿಟ್ಟೆ. ಉಳಿದ 4 ಜಿಬಿಯಲ್ಲೇ ಮೂರು ವಾರದಿಂದ ಒಮ್ಮೆಯೂ ನಿಂತಿಲ್ಲ.