‘ಏನೂ ಮಾಡಲ್ಲ, ಹೆದರಬೇಡಿ’

ನಾಯಿ ಸಾಕಿದವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಿರುತ್ತದೆ: ‘ಏನೂ ಮಾಡಲ್ಲ, ಹೆದರಬೇಡಿ.’ ನಾಲ್ಕು ವರ್ಷ ನಾನೂ ಅದನ್ನೇ ಹೇಳಿಕೊಂಡು ಓಡಾಡಿದೆ. ಉದ್ಯಾನದ ಗೇಟು ದಾಟಿದ ಕೂಡಲೇ ಗುಂಡನ ಬೆಲ್ಟ್ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವುದು, ಅವನು ಮುಂದೆ, ನಾನು ಹಿಂದೆ. ಯಾರಾದರೂ ಗಾಬರಿಯಾಗಿ ನಿಂತರೆ ದೂರದಿಂದಲೇ ಈ ಮಂತ್ರ ಕೂಗುತ್ತಿದ್ದೆ. ಮಂತ್ರ ಕೇಳಿದ ಮೇಲೂ ಹೆದರುವವರನ್ನು ಕಂಡರೆ ಒಳಗೊಳಗೇ ನಗುವೂ ಬರುತ್ತಿತ್ತು.

ಅದೆಲ್ಲ ಮುಗಿದದ್ದು ಒಂದು ತಿರುವಿನಲ್ಲಿ. ನಮ್ಮ ದಾರಿ ಎರಡೂವರೆ ಮೀಟರ್ ಅಗಲ ಇರಬಹುದು. ನಡೆಯುವವರು, ಓಡುವವರು, ಸೈಕಲ್‌ನವರು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಬರುವವರು, ಎಲ್ಲರೂ ಅದರಲ್ಲೇ. ಗುಂಡ ಪೊದೆಯ ಮರೆಯಿಂದ ಅಳಿಲಿನ ಹಿಂದೆ ನೆಗೆದ, ಆ ಕಡೆಯಿಂದ ಸೈಕಲ್ ಬಂತು. ನಾಯಿಯನ್ನು ತಪ್ಪಿಸಲು ಹೋಗಿ ಸವಾರರು ಬಿದ್ದರು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಓಡಿಹೋಗಿ ಎತ್ತಿದೆ. ಆಗಲೂ ನನ್ನ ಬಾಯಿಂದ ಮೊದಲು ಹೊರಟದ್ದು ಅದೇ ಮಾತು: ‘ಅವನು ಏನೂ ಮಾಡಲ್ಲ ಸರ್.’ ಅವರು ಕೈ ಒರೆಸಿಕೊಳ್ಳುತ್ತಾ, ಸಿಟ್ಟೂ ಇಲ್ಲದೆ, ‘ಮಾಡಿದನಲ್ಲಮ್ಮಾ ಈಗ’ ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿರುವ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಕಣ್ಣಿಗೆ ಕಂಡದ್ದು ತಲೆಗೆ ಹೊಳೆದು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಆ ಸೆಕೆಂಡ್ ಕಳೆದುಹೋಗಿರುತ್ತದೆ. ಗುಂಡನ ಗಾತ್ರದ ನಾಯಿ ಮೈಮರೆತು ಓಡಿದರೆ 30 ಕಿಲೋಮೀಟರ್ ವೇಗ ಮುಟ್ಟುತ್ತದೆ, ಅಂದರೆ ಸೆಕೆಂಡಿಗೆ ಎಂಟು ಮೀಟರ್‌ಗೂ ಹೆಚ್ಚು. 15 ಮೀಟರ್ ಮಾತ್ರ ಕಾಣುವ ತಿರುವಿನಲ್ಲಿ ಇವರಿಬ್ಬರು ಎದುರಾದರೆ ನನಗೆ ‘ಗುಂಡಾ’ ಎಂದು ಒಂದು ಸಲ ಕೂಗುವಷ್ಟು ಹೊತ್ತಿದೆ, ಅಷ್ಟೇ. ಅವನು ಸಾಧುವೋ ಸಿಡುಕನೋ ಎಂಬ ಪ್ರಶ್ನೆ ಈ ಲೆಕ್ಕದೊಳಗೆ ಎಲ್ಲೂ ಬರುವುದಿಲ್ಲ.

ಮರುದಿನದಿಂದ ಬೆಲ್ಟ್ ಬಿಚ್ಚಲಿಲ್ಲ. ಜೊತೆಗೆ ನನ್ನ ಇನ್ನೊಂದು ಹೆಮ್ಮೆಯನ್ನೂ ಪರೀಕ್ಷೆಗೆ ಹಚ್ಚಿದೆ: ‘ಕರೆದ್ರೆ ಬರ್ತಾನೆ.’ ಸುತ್ತ ಬೇಲಿಯಿದ್ದ ಮೈದಾನದಲ್ಲಿ ಒಂದು ವಾರ ಪುಸ್ತಕ, ಪೆನ್ನು ಹಿಡಿದು ನಿಂತೆ. ಒಂದೇ ಸಲ ಕರೆಯಬೇಕು, ಐದು ಸೆಕೆಂಡಿನೊಳಗೆ ಅವನು ನನ್ನತ್ತ ಹೊರಟಿರಬೇಕು. ಹಾಗಾದರೆ ಮಾತ್ರ ಒಂದು ಅಂಕ. ಸುತ್ತ ಯಾರೂ ಇಲ್ಲದಾಗ ಹತ್ತಕ್ಕೆ ಒಂಬತ್ತು. ಇಪ್ಪತ್ತು ಮೀಟರ್ ದೂರದಲ್ಲಿ ಇನ್ನೊಂದು ನಾಯಿ ಇದ್ದಾಗ ನಾಲ್ಕು. ಪಕ್ಕದಲ್ಲಿ ಯಾರಾದರೂ ಓಡಿಹೋದಾಗ ಒಂದು, ಅದೂ ಅವನು ಹೇಗಿದ್ದರೂ ನನ್ನ ಕಡೆಗೇ ತಿರುಗಿದ್ದ ಅಂತ ನನ್ನ ಅನುಮಾನ. ಅಂದರೆ ಕರೆಯುವ ಅಗತ್ಯವೇ ಇಲ್ಲದ ಕಡೆ ನನ್ನ ನಾಯಿ ಬಹಳ ವಿಧೇಯ.

ತಪ್ಪು ಹೆಚ್ಚಾಗಿ ನನ್ನದೇ. ‘ಬಾ’ ಎಂಬ ಮಾತನ್ನು ದಿನಕ್ಕೆ ನೂರು ಸಲ ಬಳಸಿ ಸವೆಸಿಬಿಟ್ಟಿದ್ದೆ. ಅದಕ್ಕಿಂತ ಕೆಟ್ಟದ್ದೆಂದರೆ, ಉದ್ಯಾನದಲ್ಲಿ ನಾನು ಅವನನ್ನು ಕರೆಯುತ್ತಿದ್ದದ್ದು ಎರಡೇ ಕಾರಣಕ್ಕೆ, ಬೈಯಲು ಅಥವಾ ಮನೆಗೆ ಹೊರಡಲು. ಅಂಥ ಕರೆಗೆ ಯಾರು ಬಂದಾರು! ಹಾಗಾಗಿ ಮಾತನ್ನು ಬಿಟ್ಟು ಸೀಟಿ ಹಿಡಿದೆ. ಮನೆಯೊಳಗೆ ಶುರು: ಸೀಟಿ ಊದಿದರೆ ಅವನಿಗೆ ಬೇರೆ ಯಾವಾಗಲೂ ಸಿಗದಂಥ ತಿನಿಸು. ಆಮೇಲೆ ಮೈದಾನಕ್ಕೆ ಬಂದೆವು. ಹತ್ತು ಮೀಟರ್ ಉದ್ದದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟದೆ ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿದೆ, ಏಕೆಂದರೆ ಓಡುತ್ತಿದ್ದ ನಾಯಿ ಹಗ್ಗ ಮುಗಿದಾಗ ಗಕ್ಕನೆ ನಿಂತರೆ ಪೆಟ್ಟೆಲ್ಲ ಕತ್ತಿಗೆ ಬೀಳುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು, ಕೈಗವಸು ಹಾಕಿಕೊಳ್ಳಬೇಕು. ಇದನ್ನು ನಾನು ಎರಡು ಬೆರಳಿನ ಚರ್ಮ ಕಿತ್ತುಹೋದ ಮೇಲೆ ಕಲಿತೆ. ಕರೆದಾಗ ಬಂದರೆ ತಿನಿಸು ಕೊಟ್ಟು ಮತ್ತೆ ಓಡಲು ಬಿಡುವುದು. ಇದೇ ಎಲ್ಲಕ್ಕಿಂತ ಮುಖ್ಯ. ಬಂದರೆ ಆಟ ಮುಗಿಯುವುದಿಲ್ಲ ಎಂಬುದು ಅವನಿಗೆ ಗೊತ್ತಾಗಬೇಕು.

ಎಂಟು ತಿಂಗಳ ನಂತರ ಮತ್ತೆ ಪುಸ್ತಕ ತೆರೆದೆ. ಓಡುವವರು ಎದುರಿದ್ದಾಗ ಹತ್ತಕ್ಕೆ ಎಂಟು. ಬೇಲಿಯೊಳಗೆ ಇದು ಒಳ್ಳೆಯ ಅಂಕ. ದಾರಿಯ ಮೇಲೆ, ಬರದೇ ಹೋದ ಆ ಎರಡು ಸಲ ಯಾರು ಎದುರಿಗಿರುತ್ತಾರೆ ಎಂದು ಗೊತ್ತಿಲ್ಲದಾಗ, ಸಾಲದು. ಓಡುವ ವಸ್ತುವನ್ನು ಬೆನ್ನಟ್ಟುವುದು ನಾಯಿಯ ರಕ್ತದಲ್ಲೇ ಇದೆ, ಅದಕ್ಕೂ ಅವನ ಒಳ್ಳೆಯತನಕ್ಕೂ ಸಂಬಂಧವಿಲ್ಲ.

ಆ ದಿನಗಳಲ್ಲೇ ಒಂದು ಬೆಳಗ್ಗೆ ಕೋಲು ಹಿಡಿದ ಅಜ್ಜಿಯೊಬ್ಬರು ಬೆಂಚಿನಿಂದ ನನ್ನನ್ನು ಕರೆದರು. ‘ಈಗ ಬೆಲ್ಟ್ ಹಾಕ್ಕೊಂಡು ಬರ್ತೀಯಲ್ಲ, ಅದಕ್ಕೇ ಕೂತಿದೀನಿ. ಮುಂಚೆ ನೀನು ಬರೋದು ಕಂಡ್ರೆ ಆ ಕಡೆ ಗೇಟಿಂದ ಆಚೆ ಹೋಗ್ಬಿಡ್ತಿದ್ದೆ.’ ನಾನು ಅವರನ್ನು ಅದಕ್ಕೂ ಮುಂಚೆ ನೋಡಿದ ನೆನಪೇ ಇರಲಿಲ್ಲ. ಹಿಂದೊಮ್ಮೆ ಯಾರದೋ ನಾಯಿ ಮೈಮೇಲೆ ಹಾರಿ ಅವರ ಸೊಂಟದ ಮೂಳೆ ಮುರಿದಿತ್ತಂತೆ. ‘ಪ್ರೀತಿಗೇ ಹಾರಿದ್ದು ಅದು. ಮೂಳೆಗೆ ಪ್ರೀತಿ ಗೊತ್ತಾಗತ್ತೇನಮ್ಮ?’

ಯಾರೂ ದೂರು ಕೊಟ್ಟಿಲ್ಲ, ಆದ್ದರಿಂದ ಯಾರಿಗೂ ತೊಂದರೆಯಿಲ್ಲ ಎಂದು ನಾಲ್ಕು ವರ್ಷ ನಂಬಿದ್ದೆ. ಹೆದರಿದವರು ಜಗಳಕ್ಕೆ ಬರುವುದಿಲ್ಲ, ಸುಮ್ಮನೆ ಬರುವುದನ್ನೇ ನಿಲ್ಲಿಸುತ್ತಾರೆ. ನಾಯಿಗಳದ್ದೂ ಇದೇ ಕಥೆ ಎಂಬುದು ಬೆಲ್ಟ್ ಹಾಕಿದ ಮೇಲೆ ತಿಳಿಯಿತು. ಬಿಟ್ಟ ನಾಯಿಯೊಂದು ನೇರವಾಗಿ ಗುಂಡನ ಮುಖಕ್ಕೆ ಓಡಿ ಬಂದಾಗ ಅವನಿಗೆ ದೂರ ಸರಿಯಲು ಜಾಗವಿಲ್ಲ, ನಾನು ಹಿಡಿದುಕೊಂಡಿದ್ದೇನೆ. ಓಡಲಾಗದ ನಾಯಿಗೆ ಉಳಿಯುವ ದಾರಿ ಗುರ್ರೆನ್ನುವುದು. ಸ್ವತಂತ್ರವಾಗಿದ್ದಾಗ ಯಾರೊಡನೆಯೂ ಕಾದಾಡದ ಗುಂಡ, ಬೆಲ್ಟಿನಲ್ಲಿ ಇಂಥ ಎರಡು ಭೇಟಿಗಳಾದ ಮೇಲೆ ದೂರದ ನಾಯಿಗೂ ಹಲ್ಲು ತೋರಿಸತೊಡಗಿದ. ಕಣ್ಣು ಕಾಣದವರನ್ನು ನಡೆಸುವ ನಾಯಿಯ ಹತ್ತಿರ ಹೀಗೆ ಓಡಿ ಬಂದರಂತೂ ಕೆಲಸ ಕೆಡುವುದು ನಾಯಿಯದ್ದು, ಅಪಾಯ ಮನುಷ್ಯನಿಗೆ.

ಉದ್ಯಾನದಲ್ಲಿ ಒಂದು ಫಲಕವಿತ್ತು: ‘ನಿಮ್ಮ ನಾಯಿಗಳನ್ನು ಹತೋಟಿಯಲ್ಲಿಡಿ.’ ಜಗಳಗಳೆಲ್ಲ ಆ ‘ಹತೋಟಿ’ಯಿಂದಲೇ ಹುಟ್ಟುತ್ತಿದ್ದವು. ತನ್ನ ನಾಯಿ ಹತೋಟಿಯಲ್ಲಿಲ್ಲ ಎಂದು ಒಪ್ಪುವ ಮಾಲೀಕರನ್ನು ನಾನು ಈವರೆಗೆ ಕಂಡಿಲ್ಲ. ಸೈಕಲ್‌ನವರೊಬ್ಬರಿಗೂ ನಾಯಿಯವರೊಬ್ಬರಿಗೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದ ಮೇಲೆ ಉಸ್ತುವಾರಿಯವರು ಸಭೆ ಕರೆದರು. ಎರಡೂ ಕಡೆಯ ಪೆಟ್ಟು ತಿಂದವಳು ಎಂಬ ಅರ್ಹತೆಯ ಮೇಲೆ ನಾನು ಬೇರೆ ಕಡೆಗಳ ನಿಯಮ ಹುಡುಕಿ ತರುವ ಕೆಲಸ ಒಪ್ಪಿಕೊಂಡೆ.

ಹುಡುಕಿದಾಗ ಒಂದು ಸಂಗತಿ ಎದ್ದು ಕಂಡಿತು. ಬಾಳಿಕೆ ಬಂದ ನಿಯಮಗಳಲ್ಲಿ ಅಳತೆಯಿದೆ, ಗಡಿಯಾರವಿದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಹಗ್ಗ ಆರು ಅಡಿ ಮೀರುವಂತಿಲ್ಲ. ಇಂಗ್ಲೆಂಡಿನಲ್ಲಿ 2000ದ ಕಾಯ್ದೆಯಡಿ ಜನರಿಗೆ ತೆರೆದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ಅಂದರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಕಾಲದಲ್ಲಿ, ಎರಡು ಮೀಟರ್‌ಗಿಂತ ಉದ್ದವಿರದ ಹಗ್ಗ ಕಡ್ಡಾಯ. ನಾರ್ವೆಯಲ್ಲಿ ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ ನಾಯಿಗೆ ಹಗ್ಗವಿರಬೇಕು. ನ್ಯೂಯಾರ್ಕಿನ ಹಲವು ಉದ್ಯಾನಗಳ ಗೊತ್ತಾದ ಜಾಗಗಳಲ್ಲಿ ಬೆಳಗ್ಗೆ ಬಾಗಿಲು ತೆರೆದಾಗಿನಿಂದ 9ರವರೆಗೆ, ರಾತ್ರಿ 9ರಿಂದ ಮುಚ್ಚುವವರೆಗೆ ನಾಯಿ ಬಿಡಬಹುದು. ವರ್ಷಗಟ್ಟಲೆ ಬಾಯಿಮಾತಿನಲ್ಲಿ ನಡೆದುಬಂದ ಆ ಪದ್ಧತಿ 2007ರಲ್ಲಿ ನಿಯಮವಾಯಿತು.

ಕೊಲೊರಾಡೊದ ಬೌಲ್ಡರ್ ನಗರದ ಪದ್ಧತಿ ನನಗೆ ಬಹಳ ಹಿಡಿಸಿತು. ಅಲ್ಲಿ 2006ರಿಂದ ಕೆಲವು ದಾರಿಗಳಲ್ಲಿ ಹಗ್ಗವಿಲ್ಲದೆ ಕರೆದೊಯ್ಯಲು ನಾಯಿಯ ಕೊರಳಿಗೆ ವಿಶೇಷ ಬಿಲ್ಲೆ ಬೇಕು. ನಾಯಿ ಕಣ್ಣಳತೆಯಲ್ಲಿರಬೇಕು, ಕರೆದರೆ ಬರಬೇಕು, ಒಬ್ಬರ ಹಿಂದೆ ಬಿಟ್ಟ ನಾಯಿಗಳು ಎರಡಕ್ಕಿಂತ ಹೆಚ್ಚಿರಬಾರದು. ಬಿಲ್ಲೆಗೆ ಮೊದಲು ಮಾಲೀಕರು ಪಾಠ ಕೇಳಬೇಕು. ಸಭೆಯಲ್ಲಿ ಇದನ್ನು ಉತ್ಸಾಹದಿಂದ ಮಂಡಿಸಿದೆ. ‘ಬಿಲ್ಲೆ ಕೊಡೋರು ಯಾರು, ನೋಡೋರು ಯಾರು?’ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ನಮ್ಮಲ್ಲಿದ್ದದ್ದು ಒಬ್ಬ ಕಾವಲುಗಾರ. ಬಿಲ್ಲೆ ಅಲ್ಲೇ ಬಿದ್ದುಹೋಯಿತು. ಮಸುಕು ಮಾತಿನಿಂದ ಶುರುಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಗೋಲ್ಡನ್ ಗೇಟ್ ಉದ್ಯಾನವಲಯವನ್ನು ತೋರಿಸಿದೆ. 1979ರ ನೀತಿಯೊಂದು ಅಲ್ಲಿ ಕೆಲವು ಕಡೆ ನಾಯಿ ‘ದನಿಯ ಹತೋಟಿ’ಯಲ್ಲಿದ್ದರೆ ಸಾಕು ಎಂದಿತು. ಹಗ್ಗ ಕಡ್ಡಾಯ ಮಾಡಹೊರಟ ಆಡಳಿತಕ್ಕೆ 2005ರಲ್ಲಿ ನ್ಯಾಯಾಲಯ, ಜನರ ಅಭಿಪ್ರಾಯ ಕೇಳಿ ಕ್ರಮದಂತೆ ನಿಯಮ ಮಾಡಿ ಎಂದಿತು. ಮತ್ತೆ ವರ್ಷಗಳ ಕಾಲ ಕರಡು, ಆಕ್ಷೇಪ, ಮತ್ತೊಂದು ಕರಡು. 2017ರಲ್ಲಿ ಆ ಪ್ರಯತ್ನವನ್ನೇ ಕೈಬಿಟ್ಟರು.

ನಾವು ಕೊನೆಗೆ ಉದ್ಯಾನವನ್ನು ಮೂರು ತುಂಡಾಗಿ ನೋಡಿದೆವು. ಕೆರೆ ಸುತ್ತಿನ ದಾರಿಗೆ ನಾಯಿಯೇ ಬೇಡ. ಇದಕ್ಕೆ ನನ್ನಂತೆ ನಾಯಿ ಸಾಕಿದವರೇ ರೇಗಿದರು, ಬೆಲ್ಟ್ ಇದ್ದರೂ ಬೇಡವೇ ಎಂದು. ಸಿಡ್ನಿ ಹೊರವಲಯದ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಅವರ ಮುಂದಿಟ್ಟೆ: ಹಗ್ಗದಲ್ಲಿದ್ದ ನಾಯಿಗಳು ಹಾದುಹೋದ ದಾರಿಗಳಲ್ಲೇ ಹಕ್ಕಿಗಳ ಬಗೆ 35 ಪ್ರತಿಶತ, ಸಂಖ್ಯೆ 41 ಪ್ರತಿಶತ ಕಡಿಮೆ ಕಂಡಿತ್ತು. ನಾಯಿಯಿಲ್ಲದೆ ಮನುಷ್ಯರು ನಡೆದಾಗಲೂ ಹಕ್ಕಿಗಳು ಕಡಿಮೆಯಾಗಿದ್ದವು, ಆದರೆ ಇದರ ಅರ್ಧದಷ್ಟೂ ಅಲ್ಲ. ಮುಖ್ಯ ದಾರಿಯಲ್ಲಿ ಎಲ್ಲ ಹೊತ್ತೂ ಬೆಲ್ಟ್, ಎರಡು ಮೀಟರ್ ಮೀರದಂತೆ. ಗುಂಡಿ ಒತ್ತಿದರೆ ಉದ್ದವಾಗುವ ಬಗೆಯದ್ದಾದರೆ ದಾರಿಯ ಮೇಲೆ ಅದನ್ನು ಲಾಕ್ ಮಾಡಿಯೇ ಹಿಡಿಯಬೇಕು. ಮುಸ್ಸಂಜೆಯಲ್ಲಿ ಆ ತೆಳ್ಳನೆಯ ದಾರ ಸೈಕಲ್‌ನವರಿಗೆ ಕಾಣುವುದೇ ಇಲ್ಲ. ಇನ್ನು ಮೇಲುಗಡೆಯ ಹುಲ್ಲುಬಯಲಿನಲ್ಲಿ ಬೆಳಗ್ಗೆ 6ರಿಂದ 8, ಸಂಜೆ ಒಂದು ಗಂಟೆ ನಾಯಿ ಬಿಡಬಹುದು. ಅದಕ್ಕೆ ಬೇಲಿ ಹಾಕಲು ಹಣವಿರಲಿಲ್ಲ, ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟೆವು.

ಬಯಲಿನ ಆ ಮೂರು ಗಂಟೆಗಾಗಿ ನಾನು ಹೆಚ್ಚು ವಾದ ಮಾಡಿದೆ. ನಾಯಿಗೆ ಮೂಸಿಕೊಂಡು ತಿರುಗುವ, ದಣಿಯುವಷ್ಟು ಓಡುವ ಜಾಗ ಬೇಕು. ಪೂರ್ತಿ ನಿಷೇಧ ಹಾಕಿದರೆ ಮಾಲೀಕರು ಕತ್ತಲಲ್ಲಿ ಬಿಟ್ಟುಕೊಂಡು ಬರುತ್ತಾರೆ, ಆಗ ಯಾರ ಕಣ್ಣಿಗೂ ಯಾರೂ ಕಾಣರು. ಸೈಕಲ್‌ನವರಿಂದಲೂ ಒಂದು ಮಾತು ಪಡೆದೆವು: ತಿರುವಿಗೆ ಮೊದಲೇ ವೇಗ ಇಳಿಸುವುದು, ಬೆಲ್ಲನ್ನು ಬೆನ್ನಿಗೆ ಅಂಟಿಕೊಂಡು ಹೊಡೆಯದೆ ಮೂವತ್ತು ಮೀಟರ್ ದೂರದಿಂದ ಹೊಡೆಯುವುದು. ಹತ್ತಿರದಿಂದ ಬೆಲ್ ಹೊಡೆದರೆ ನಾಯಿ ಅಡ್ಡಕ್ಕೇ ಹಾರುತ್ತದೆ.

ಹೇಲಿನ ವಿಷಯವನ್ನು ಸಭೆಯಲ್ಲಿ ಎತ್ತಲು ಎಲ್ಲರಿಗೂ ಸಂಕೋಚ. ಬಿಟ್ಟ ನಾಯಿ ಎಲ್ಲಿ ಕೂತಿತು ಎಂದು ಮಾಲೀಕರಿಗೇ ತಿಳಿಯುವುದಿಲ್ಲ, ತಿಳಿಯದ್ದನ್ನು ಎತ್ತುವವರಾರು? ಗೊಬ್ಬರವಾಗತ್ತೆ ಬಿಡಿ ಎಂದವರಿಗೂ ಉತ್ತರವಿತ್ತು. ಬೆಲ್ಜಿಯಂನ ಗೆಂಟ್ ಬಳಿಯ ಕಾಡುಗಳಲ್ಲಿ ನಾಯಿಗಳಿಂದಲೇ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 11 ಕಿಲೋ ಸಾರಜನಕ, 5 ಕಿಲೋ ರಂಜಕ ಬೀಳುತ್ತದೆಂದು 2022ರಲ್ಲಿ ಲೆಕ್ಕ ಹಾಕಿದ್ದಾರೆ. ಆ ಗೊಬ್ಬರಕ್ಕೆ ಕಳೆ ಕೊಬ್ಬುತ್ತದೆ, ಬಡ ಮಣ್ಣಿಗೆ ಒಗ್ಗಿದ ಗಿಡ ಸಾಯುತ್ತದೆ.

ನಿಯಮ ಬಂದ ಮೇಲೆ ಎಲ್ಲ ಸರಿಹೋಗಲಿಲ್ಲ. ಮೊದಲ ತಿಂಗಳು ಕಲ್ಲುಗಳು ಜಾಗ ಬಿಟ್ಟು ಜಾಗಕ್ಕೆ ನಡೆದುಹೋಗುತ್ತಿದ್ದವು. ಎಂಟೂಕಾಲಕ್ಕೂ ನಾಯಿ ಹಿಡಿಯದವರು ಇದ್ದೇ ಇದ್ದರು. ಅವರಿಗೆ ನಿಯಮ ಹೇಳಿ ನೋಡಿದೆ, ಜಗಳವಾಯಿತು. ಈಗ ಮಾತು ಬದಲಿಸಿದ್ದೇನೆ: ‘ನನ್ನವನಿಗೆ ಬೇರೆ ನಾಯಿ ಹತ್ತಿರ ಬಂದ್ರೆ ಆಗಲ್ಲ, ಸ್ವಲ್ಪ ಹಿಡ್ಕೊಳ್ತೀರಾ?’ ತಪ್ಪು ನನ್ನ ನಾಯಿಯ ಮೇಲೆ ಹಾಕಿಕೊಂಡರೆ ಹತ್ತರಲ್ಲಿ ಏಳೆಂಟು ಮಂದಿ ಹಿಡಿಯುತ್ತಾರೆ. ಉಳಿದವರ ನಾಯಿ ಬಂದೇ ಬಿಟ್ಟರೆ ಒಂದು ಹಿಡಿ ತಿನಿಸನ್ನು ಅದರ ಮುಂದೆ ನೆಲಕ್ಕೆ ಚೆಲ್ಲಿ, ಅದು ಹೆಕ್ಕುವಷ್ಟರಲ್ಲಿ ಜಾಗ ಖಾಲಿ ಮಾಡುತ್ತೇನೆ. ಬೆಲ್ಟನ್ನು ಬಿಗಿ ಹಿಡಿಯಬಾರದು, ನನ್ನ ಗಾಬರಿ ಅದರ ಮೂಲಕ ನೇರ ಗುಂಡನಿಗೆ ಹೋಗುತ್ತದೆ.

ಮೊನ್ನೆ ಒಬ್ಬ ಹುಡುಗ, ಮರಿನಾಯಿ ಬಿಟ್ಟುಕೊಂಡು, ದೂರದಿಂದಲೇ ಕೂಗಿದ: ‘ಏನೂ ಮಾಡಲ್ಲ ಆಂಟಿ, ಹೆದರ್ಬೇಡಿ!’ ಅಜ್ಜಿ ಬೆಂಚಿನಿಂದ ನನ್ನ ಮುಖ ನೋಡಿ ನಕ್ಕರು.

ಮೊಣಕೈ ತರಚಿಕೊಂಡ ಆ ಸವಾರರು ಈಗಲೂ ಅದೇ ದಾರಿಯಲ್ಲಿ ಬರುತ್ತಾರೆ. ತಿರುವಿಗೆ ಬಹಳ ಮುಂಚೆಯೇ ಬೆಲ್ ಹೊಡೆಯುತ್ತಾರೆ. ನಾನು ಬೆಲ್ಟ್ ಗಿಡ್ಡ ಮಾಡಿ ಅಂಚಿಗೆ ಸರಿದು, ಗುಂಡನನ್ನು ದಾರಿಯಿಂದ ದೂರದ ನನ್ನ ಮಗ್ಗುಲಿಗೆ ನಿಲ್ಲಿಸಿಕೊಳ್ಳುತ್ತೇನೆ. ಬೆಲ್ ಕೇಳಿದಾಗಲೆಲ್ಲ ಒಂದು ತುಣುಕು ತಿನಿಸು ಕೊಟ್ಟು ಕೊಟ್ಟು ಅಭ್ಯಾಸ ಮಾಡಿಸಿದ್ದೆ. ಈಗ ಬೆಲ್ ಸದ್ದಾದರೆ ಗುಂಡ ಸೈಕಲ್ ಕಡೆ ತಿರುಗುವುದೂ ಇಲ್ಲ, ನನ್ನ ಜೇಬನ್ನೇ ನೋಡುತ್ತಾ ನಿಲ್ಲುತ್ತಾನೆ.